ನ್ಯೂಯಾರ್ಕ್ ಕಿವಿ, ಹ್ಯೂಸ್ಟನ್ ಕಿವಿ: ಹಳೇ ಹಿಪ್ ಹಾಪ್ ಕೇಳುವ ಕೂಟಕ್ಕೆ ಸಲಹೆ ಬೇಕು

ಎ_ಸೈಡ್

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಒಂದು ಕೇಳುವ ಕೂಟ ಇಟ್ಟುಕೊಂಡಿದ್ದೇವೆ, ಎರಡು ಗಂಟೆಯದು. ವಿಷಯ 1986ರಿಂದ 1998ರವರೆಗಿನ ಅಮೆರಿಕದ ಹಿಪ್ ಹಾಪ್. ಇಪ್ಪತ್ತೈದು ಜನ ಬರಬಹುದು. ಅರ್ಧ ಜನ ನಲವತ್ತೈದು ದಾಟಿದವರು, ಎಂಟಿವಿ ಮತ್ತು ಕ್ಯಾಸೆಟ್ ಕಾಲದವರು. ಇನ್ನರ್ಧ ಕಾಲೇಜಿನವರು, ಎಲ್ಲವನ್ನೂ ಫೋನಿನಲ್ಲೇ ಕೇಳಿದವರು.

ಪಟ್ಟಿಯನ್ನ ಗುಂಪಿಗೆ ಹಾಕಿದ್ದೇ ತಡ, ಎರಡು ಪಾರ್ಟಿ ಆಗಿಹೋಯ್ತು. ಹಿರಿಯರಿಗೆ ಬೇಕಾಗಿರೋದು ನ್ಯೂಯಾರ್ಕಿನ ರಕೀಮ್, ವು-ಟ್ಯಾಂಗ್, ನಾಸ್, ಜೊತೆಗೆ ಮನಸ್ಸು ದೊಡ್ಡದು ಮಾಡಿ ಲಾಸ್ ಏಂಜಲೀಸಿನ ಡಾ. ಡ್ರೆ. ಹುಡುಗರಿಗೆ ಬೇಕಾಗಿರೋದು ಅಮೆರಿಕದ ದಕ್ಷಿಣ ರಾಜ್ಯಗಳ ತ್ರೀ 6 ಮಾಫಿಯಾ, ಯುಜಿಕೆ, ಡಿಜೆ ಸ್ಕ್ರೂ, ಔಟ್‌ಕ್ಯಾಸ್ಟ್. "ದಕ್ಷಿಣದವರ ಹಾಡಲ್ಲಿ ಸಾಹಿತ್ಯ ಎಲ್ಲಿದೆ?" ಅಂತ ಇವರು. "ನ್ಯೂಯಾರ್ಕಿನದು ಡಬ್ಬದೊಳಗೆ ಬಡಿದ ಹಾಗಿದೆ, ಬಾಸೇ ಇಲ್ಲ" ಅಂತ ಅವರು.

ಸಾಮಾನು: 5 ಇಂಚಿನ ವೂಫರ್ ಇರುವ ಎರಡು ಬುಕ್‌ಶೆಲ್ಫ್ ಸ್ಪೀಕರ್, ಒಂದು ಸ್ಟೀರಿಯೊ ಆಂಪ್, ಲ್ಯಾಪ್‌ಟಾಪ್. ಹಾಲ್ ಮೊದಲನೇ ಮಹಡಿಯಲ್ಲಿದೆ, 8 ಮೀಟರ್ ಉದ್ದ, 5 ಮೀಟರ್ ಅಗಲ.

ಕೇಳಬೇಕಾಗಿರೋದು ಇಷ್ಟು. ಈ ಜಗಳ ಬರೀ ವಯಸ್ಸಿನದಾ, ಅಥವಾ ಸಂಗೀತದಲ್ಲೇ ಅದಕ್ಕೆ ಕಾರಣ ಇದೆಯಾ? ಯಾವುದರ ಹಿಂದೆ ಯಾವುದನ್ನ ಹಾಕಿದರೆ ಎರಡೂ ಕಡೆಯವರು ಎದ್ದು ಹೋಗದೆ ಕೇಳ್ತಾರೆ?

ತಗ್ಗುಸ್ವರ

ಇಬ್ಬರ ದೂರೂ ನಿಜ ಸರ್. ಆದರೆ ಅದರಲ್ಲಿ ಮುಕ್ಕಾಲು ಪಾಲು ಹಾಡಿನ ಮೇಲಿನ ದೂರಲ್ಲ, ಕೇಳುವ ಸಾಮಾನಿನ ಮೇಲಿನ ದೂರು.

ಜನ ಎಲ್ಲಿ ಕೂತು ಕೇಳ್ತಾರೆ ಅನ್ನೋದಕ್ಕೆ ತಕ್ಕಂತೆ ಆಯಾ ಊರಿನ ಬೀಟ್ ಬೆಳೆದಿದ್ದು. ನ್ಯೂಯಾರ್ಕಿನಲ್ಲಿ ಸಬ್‌ವೇ ರೈಲು, ವಾಕ್‌ಮನ್, ಬೀದಿಯಲ್ಲಿ ಬೂಮ್‌ಬಾಕ್ಸ್. ರೈಲಿನ ಗದ್ದಲ ತಗ್ಗಿನ ಸ್ವರವನ್ನೆಲ್ಲ ನುಂಗುತ್ತೆ, ಸಣ್ಣ ಹೆಡ್‌ಫೋನ್ ಅದನ್ನ ಕೊಡೋದೂ ಇಲ್ಲ. ಅಲ್ಲಿ ದಕ್ಕೋದು ಸ್ನೇರಿನ (ಚಟ್ ಅನ್ನುವ ಡ್ರಮ್ಮಿನ) ಏಟು ಮತ್ತು ಬಾಯಿಮಾತು. ಹಾಗಾಗಿ ಬೂಮ್ ಬ್ಯಾಪ್ ಅನ್ನುವ ಅಲ್ಲಿನ ಶೈಲಿಯಲ್ಲಿ ಹಳೇ ಫಂಕ್ ರೆಕಾರ್ಡಿನಿಂದ ಎತ್ತಿದ ಕಿಕ್ (ದೊಡ್ಡ ಡ್ರಮ್ಮಿನ ಏಟು) ಸಾಮಾನ್ಯವಾಗಿ 80ರಿಂದ 100 ಹರ್ಟ್ಸ್ ಆಸುಪಾಸಿನಲ್ಲಿ ಗಟ್ಟಿಯಾಗಿ ಕೂತಿರುತ್ತೆ. ಸಣ್ಣ ಸ್ಪೀಕರಿನಲ್ಲೂ ಕೇಳುತ್ತೆ. ಮಾತು ಮುಂದೆ, ಉಳಿದದ್ದೆಲ್ಲ ಹಿಂದೆ.

ಲಾಸ್ ಏಂಜಲೀಸ್, ಮಯಾಮಿ, ಹ್ಯೂಸ್ಟನ್ ಕಡೆ ಜನ ಓಡಾಡೋದು ಕಾರಿನಲ್ಲಿ. ಡಿಕ್ಕಿಯಲ್ಲಿ 12 ಇಂಚು, 15 ಇಂಚಿನ ಸಬ್‌ವೂಫರ್. ರೋಲಂಡ್ ಟಿಆರ್-808 ಅನ್ನುವ ಡ್ರಮ್ ಯಂತ್ರದ ಕಿಕ್ ಇರೋದು 50 ಹರ್ಟ್ಸ್ ಹತ್ತಿರ, ಡಿಕೇ ನಾಬ್ ಪೂರ್ತಿ ತಿರುಗಿಸಿದರೆ ಅದು ಏಟಾಗಿ ಉಳಿಯದೆ ಉದ್ದನೆಯ ಗುಂಯ್‌ಗುಡುವ ಸ್ವರವಾಗುತ್ತೆ. ಈ ಯಂತ್ರ ತಯಾರಾಗಿದ್ದು 1980ರಿಂದ 83ರವರೆಗೆ ಮಾತ್ರ. ಆಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕಿತು, ದಕ್ಷಿಣದವರು ಅದನ್ನ ಬಿಡಲೇ ಇಲ್ಲ. ಈಗ ನಿಮ್ಮ 5 ಇಂಚಿನ ಸ್ಪೀಕರ್ ಲೆಕ್ಕ ಹಾಕಿ: 60 ಹರ್ಟ್ಸ್ ಕೆಳಗೆ ಅದರ ಶಕ್ತಿ ಇಳಿದುಬಿಡುತ್ತೆ. ತ್ರೀ 6 ಮಾಫಿಯಾ ಥರದ ಮೆಂಫಿಸ್ಸಿನದು ಹಾಕಿದರೆ ಹಿರಿಯರಿಗೆ ಕೇಳೋದು ಬರೀ ಕಿಕ್‌ನ ತುದಿಯ "ಟಿಕ್" ಸದ್ದು, ಹೈಹ್ಯಾಟ್ (ಡ್ರಮ್ಮಿನ ಜೊತೆಗಿನ ತೆಳು ತಾಳ), ನಾಲ್ಕು ಸಲ ಮರಳಿ ಬರುವ ಒಂದು ಸಾಲು. ಅಡಿಪಾಯವೇ ಕೇಳಿಸದವನಿಗೆ ಇದರಲ್ಲಿ ಏನಿದೆ ಅನ್ನಿಸೋದು ಸಹಜ ತಾನೆ.

ಇನ್ನೊಂದು ಭ್ರಮೆ ಇದೆ, ವೇಗದ್ದು. ಪಶ್ಚಿಮದ ಹಾಡು ನಿಧಾನ ಅಂತ ಎಲ್ಲರೂ ಹೇಳ್ತಾರೆ. ಎಣಿಸಿ ನೋಡಿ. ನಾಸ್ ಆಲ್ಬಮ್ 'ಇಲ್‌ಮ್ಯಾಟಿಕ್'ನ ಎರಡನೇ ಟ್ರ್ಯಾಕ್ 'ಎನ್.ವೈ. ಸ್ಟೇಟ್ ಆಫ್ ಮೈಂಡ್' ನಿಮಿಷಕ್ಕೆ 84 ಬೀಟ್ ಆಸುಪಾಸು. ಡ್ರೆ ಆಲ್ಬಮ್ 'ದಿ ಕ್ರಾನಿಕ್'ನ 'ನಥಿನ್ ಬಟ್ ಎ ಜಿ ಥ್ಯಾಂಗ್' 95ರ ಹತ್ತಿರ. ಅಂದರೆ ಎಲ್.ಎ.ದೇ ಜೋರು! ಆದರೂ ಅದು ಆರಾಮಾಗಿ ಕೇಳಿಸುತ್ತೆ. ಯಾಕೆಂದರೆ ಅಲ್ಲಿ ಬಾಸ್ ಉದ್ದುದ್ದ ಎಳೆಯುತ್ತೆ, ಸಿಂಥ್ ಸ್ವರದಿಂದ ಸ್ವರಕ್ಕೆ ಜಾರುತ್ತೆ, ಡ್ರೆ ಜೊತೆ ಹಾಡಿರುವ ಸ್ನೂಪ್ ಬೀಟಿನ ಬೆನ್ನ ಹಿಂದೆ ಕೂತು ಮಾತಾಡ್ತಾನೆ. ನಾಸ್ ಹಾಡಿನಲ್ಲಿ ತುಣುಕು ಪಿಯಾನೊ, ಒಣ ಡ್ರಮ್, ಉಸಿರಿಗೆ ಬಿಡುವಿಲ್ಲದ ಸಾಲು. ಇವೆರಡನ್ನೂ ಅಕ್ಕಪಕ್ಕ ಹಾಕಿ, ಕೂಟದವರ ಕೈಯಲ್ಲೇ 15 ಸೆಕೆಂಡ್ ತಾಳ ಹಾಕಿಸಿ, ನಾಲ್ಕರಿಂದ ಗುಣಿಸಲು ಹೇಳಿ. ಕೂಟದ ಮೊದಲ ಹತ್ತು ನಿಮಿಷಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ತೋಚಲ್ಲ.

ಇನ್ನು ಸಾಮಾನು. ಒಂದು 10 ಇಂಚಿನ ಆಂಪ್ ಸಹಿತದ ಸಬ್‌ವೂಫರ್ ಬಾಡಿಗೆಗೆ ತನ್ನಿ. ಕ್ರಾಸ್‌ಓವರ್ (ಎಲ್ಲಿಂದ ಕೆಳಗಿನ ಸ್ವರ ಸಬ್ಬಿಗೆ ಹೋಗಬೇಕು ಅನ್ನುವ ಗಡಿ) 80 ಹರ್ಟ್ಸಿಗೆ ಇಡಿ. ಫೇಸ್ ಸ್ವಿಚ್ಚನ್ನು 0 ಮತ್ತು 180ಕ್ಕೆ ಹಾಕಿ ನೋಡಿ, ಕುರ್ಚಿಯ ಜಾಗದಲ್ಲಿ ಕೂತಾಗ ಯಾವುದರಲ್ಲಿ ಬಾಸ್ ತುಂಬಿ ಬರುತ್ತೋ ಅದೇ ಸರಿ. ಸಬ್ಬನ್ನು ಎದುರು ಗೋಡೆಯ ಪಕ್ಕ ಇಡಿ, ಮೂಲೆಗೆ ತಳ್ಳಬೇಡಿ; ಮೂಲೆಯಲ್ಲಿ ಎಲ್ಲ ಹಾಡಿಗೂ ಒಂದೇ ಗುಂಯ್‌ಗುಡುವಿಕೆ ಬರುತ್ತೆ. ನಿಮ್ಮ 8 ಮೀಟರ್ ಉದ್ದಕ್ಕೆ 43 ಹರ್ಟ್ಸ್ ಹತ್ತಿರ ನಿಂತ ಅಲೆ ಏಳುತ್ತೆ. ಗೋಡೆಯಿಂದ 2 ಮೀಟರ್ ಮತ್ತು 6 ಮೀಟರ್ ದೂರದ ಸಾಲುಗಳಲ್ಲಿ ಆ ಸ್ವರ ಕರಗಿಹೋಗುತ್ತೆ. ಕುರ್ಚಿಗಳನ್ನ 3ರಿಂದ 5 ಮೀಟರ್ ನಡುವೆ ಒತ್ತಾಗಿ ಹಾಕಿ. ಇಲ್ಲದಿದ್ದರೆ ಎರಡನೇ ಸಾಲಿನವರಿಗೆ ಬಾಸ್ ಇದೆ, ನಾಲ್ಕನೇ ಸಾಲಿನವರಿಗೆ ಇಲ್ಲ, ಮತ್ತೆ ಅದೇ ಜಗಳ.

ಕೊನೆಗೆ ಸದ್ದಿನ ಮಟ್ಟ. ಇದನ್ನ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. 1994ರ ಸಿಡಿಗೂ ಇವತ್ತಿನ ಟ್ರ್ಯಾಪ್ ಶೈಲಿಯ ಹಾಡಿಗೂ 5-6 ಡೆಸಿಬೆಲ್ ಅಂತರ ಸಾಮಾನ್ಯ. ಯಾವುದು ಜೋರಾಗಿದೆಯೋ ಅದೇ ಚೆನ್ನಾಗಿದೆ ಅನ್ನಿಸೋದು ಕಿವಿಯ ಸ್ವಭಾವ. ಹುಡುಗರು "ಡಬ್ಬ" ಅಂದಿದ್ದರಲ್ಲಿ ಅರ್ಧ ಇದೇ. ಸ್ಪಾಟಿಫೈ ಆದರೆ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಮಾಡಿ, ಎಲ್ಲವೂ ಸುಮಾರು ಒಂದೇ ಮಟ್ಟಕ್ಕೆ ಬರುತ್ತೆ. ಯೂಟ್ಯೂಬ್ ಬೇಡ. ಅದು ಜೋರಾದ್ದನ್ನ ಇಳಿಸುತ್ತೆ, ಮೆತ್ತಗಿರೋದನ್ನ ಏರಿಸಲ್ಲ. ಹಳೇ ಹಾಡಿಗೆ ಅಲ್ಲಿ ಅನ್ಯಾಯ.

ಹುಬ್ಬಳ್ಳಿ_ಬಾಸ್

ತಗ್ಗುಸ್ವರ ಅವ್ರು ಹೇಳಿದ್ದು ಖರೆ ಐತ್ರಿ. ಆದ್ರ ಸಬ್‌ವೂಫರ್ ತಂದಿಟ್ಟ ಕೂಡ್ಲೇ ಜಗಳ ಮುಗೀತದ ಅಂತ ನನಗ ಅನಸೂದಿಲ್ಲ. "ಸಾಹಿತ್ಯ ಎಲ್ಲೈತಿ" ಅನ್ನೂ ಪ್ರಶ್ನಿ ಐತಲ್ಲ, ಅದು ಕಿವೀದಲ್ರಿ, ಅಳತೆಗೋಲಿಂದು.

ನ್ಯೂ ಆರ್ಲಿಯನ್ಸಿನ ಬೌನ್ಸ್ ಅನ್ನೂ ಕುಣಿತದ ಹಿಪ್ ಹಾಪ್ ತಗೋರಿ. ಅದರ ಮಾತು ಕಾಗದದ ಮ್ಯಾಲೆ ಬರದ್ರ ಏನೂ ಇಲ್ಲ. ವಾರ್ಡಿನ ಹೆಸರು, ಓಣಿ ಹೆಸರು, ಒಂದ ಮಾತು ಹತ್ತ ಸಲ. ಆದ್ರ ಅದು ಓದಾಕ ಮಾಡಿದ್ದಲ್ಲ. ಹಾಡಾಂವ ಒಗದ ಮಾತಿಗೆ ಮುಂದ ನಿಂತ ಮಂದಿ ತಿರುಗಿ ಕೂಗಬೇಕು, ಕುಣೀಬೇಕು, ಅದ ಅದರ ಕೆಲಸ. ಗೀಗೀ ಪದದಾಗ ಹಿಮ್ಮೇಳದವರ "ಗೀಯ ಗೀಯ" ತಗದು ಬರೇ ಮುಂದಿನ ಸಾಲು ಓದಿ "ಇದರಾಗ ಏನೈತ್ರಿ" ಅಂದ್ರ ಹೆಂಗಿರ್ತದ? ಹಂಗ.

ಕೂಟದಾಗ ಇದನ್ನ ತೋರಸಾಕ ಒಂದು ಭಾರೀ ಜೋಡಿ ಐತಿ. 1986ರಾಗ ನ್ಯೂಯಾರ್ಕಿನ ಕ್ವೀನ್ಸ್ ಕಡೆಯ ಶೋಬಾಯ್ಸ್ ಅನ್ನೂ ಜೋಡಿ 'ಡ್ರ್ಯಾಗ್ ರ‍್ಯಾಪ್' ಅಂತ ಒಂದು ರೆಕಾರ್ಡ್ ತಂದ್ರು. ಅವರೂರಾಗ ಅದನ್ನ ಯಾರೂ ಅಷ್ಟಾಗಿ ಕೇಳಲಿಲ್ಲ. ನ್ಯೂ ಆರ್ಲಿಯನ್ಸ್, ಮೆಂಫಿಸ್ ಮಂದಿ ಎತ್ತಿಕೊಂಡ್ರು. ಅದರಾಗಿನ ಡ್ರಮ್ ಮತ್ತ ಟಣಟಣ ಅನ್ನೂ ಸಣ್ಣ ಧಾಟಿ, ಇವೆರಡನ್ನ ಇಟ್ಕೊಂಡು 1991ರಾಗ ಎಂಸಿ ಟಿ. ಟಕ್ಕರ್ ಮತ್ತ ಡಿಜೆ ಇರ್ವ್ 'ವೇರ್ ಡೇ ಅಟ್' ಮಾಡಿದ್ರು. ಬೌನ್ಸ್ ಶುರು ಆಗಿದ್ದು ಅಲ್ಲಿಂದ. ಇವತ್ತಿಗೂ ಆ ಬೀಟಿಗೆ ಟ್ರಿಗರ್‌ಮ್ಯಾನ್ ಅಂತಾರ. ಮೂಲ ರೆಕಾರ್ಡ್ ಮೊದಲ ಹಾಕ್ರಿ, ಅದರ ಬೆನ್ನಿಗೆ ಬೌನ್ಸ್. ನಿಮ್ಮ ಹಿರಿಯರಿಗೆ ಒಂದ ಸಾಮಾನು ಎರಡು ಊರಾಗ ಹೆಂಗ ಬ್ಯಾರೆ ಆತು ಅಂತ ಐದ ನಿಮಿಷದಾಗ ತಿಳೀತದ. ನ್ಯೂಯಾರ್ಕಿನವರು ಕೇಳಿದ್ದು ಮ್ಯಾಲಿನ ಕಥೀನ, ದಕ್ಷಿಣದವರು ಕೇಳಿದ್ದು ಕೆಳಗಿನ ಡ್ರಮ್ಮು.

ಲೂಪ್_ಲೆಕ್ಕ

ಮೇಲಿನ ಇಬ್ಬರೂ ಬಿಟ್ಟ ಎರಡು ವಿಷಯ ಸೇರಿಸ್ತೀನಿ: ಯಂತ್ರ ಮತ್ತು ಕೋರ್ಟು.

ನ್ಯೂಯಾರ್ಕಿನ ಆ ಒರಟು ಸದ್ದಿಗೆ ದೊಡ್ಡ ಕಾರಣ 1987ರಲ್ಲಿ ಬಂದ ಇ-ಮು ಎಸ್‌ಪಿ-1200, ಅಂದರೆ ರೆಕಾರ್ಡಿನ ತುಣುಕು (ಸ್ಯಾಂಪಲ್) ಎತ್ತಿ ಬಾರಿಸುವ ಯಂತ್ರ. 12 ಬಿಟ್, 26.04 ಕಿಲೋಹರ್ಟ್ಸ್, ಒಟ್ಟು ಸ್ಯಾಂಪಲ್ ಜಾಗ ಬರೀ 10 ಸೆಕೆಂಡು. ಹತ್ತು ಸೆಕೆಂಡಿನಲ್ಲಿ ಡ್ರಮ್ಮು, ಬಾಸು, ಕೊಂಬು ಎಲ್ಲ ಹಿಡಿಸಬೇಕು. ಅದಕ್ಕೆ ಮಾಡುತ್ತಿದ್ದ ಉಪಾಯ ಇದು: 33 ವೇಗದ ಎಲ್‌ಪಿಯನ್ನ 45ರಲ್ಲಿ ಓಡಿಸಿ ಸ್ಯಾಂಪಲ್ ಮಾಡೋದು, ಆಮೇಲೆ ಯಂತ್ರದೊಳಗೆ ಸುಮಾರು ಐದು ಸ್ವರಸ್ಥಾನ ಕೆಳಗಿಳಿಸೋದು. 10 ಸೆಕೆಂಡಿನ ಜಾಗದಲ್ಲಿ ಹದಿಮೂರೂವರೆ ಸೆಕೆಂಡಿನ ಸಾಮಾನು ಕೂರುತ್ತೆ. ಆದರೆ ಹಾಗೆ ಇಳಿಸುವಾಗ ಮೇಲಿನ ತರಂಗಗಳು ಮಡಚಿಕೊಂಡು ಕರಕರ ಅನ್ನುವ ಒಂದು ಕೊಳೆ ಸೇರುತ್ತೆ. ಮೊದಲೇ 13 ಕಿಲೋಹರ್ಟ್ಸ್ ಮೇಲಿನದೆಲ್ಲ ಕತ್ತರಿಸಿಹೋಗಿರುತ್ತೆ. ಆ ಕೊಳೆಯನ್ನೇ ಜನ ಪ್ರೀತಿಸಿದ್ದು. ಇವತ್ತಿನ ಥಳಥಳ ಹೊಳೆಯುವ ಹೈಹ್ಯಾಟಿಗೆ ಪಳಗಿದ ಕಿವಿಗೆ ಅದು ಮೇಲೂ ಕೆಳಗೂ ಕತ್ತರಿಸಿದ ಫೋಟೋ ಥರ ಕಂಡರೆ ಬೈಯಬೇಡಿ.

1988ರಲ್ಲಿ ಅದೇ ಥರದ ಇನ್ನೊಂದು ಯಂತ್ರ ಅಕಾಯ್ ಎಂಪಿಸಿ60 ಬಂತು. ಅದರ ಸ್ವಿಂಗ್ (ಏಟನ್ನ ತುಸು ತಡಮಾಡುವ) ಸೆಟ್ಟಿಂಗ್ ಗೊತ್ತಿದ್ದರೆ "ಗ್ರೂವ್" ಅನ್ನೋ ಮಾತು ಗಾಳಿಯಲ್ಲಿ ತೇಲಲ್ಲ. 50 ಶೇಕಡಾ ಅಂದರೆ ನೆಟ್ಟಗೆ, 66 ಅಂದರೆ ಪೂರ್ತಿ ತಿಶ್ರದ ತೂಗು. 90 ಬೀಟಿನ ವೇಗದಲ್ಲಿ 62ಕ್ಕೆ ಇಟ್ಟರೆ ಪ್ರತಿ ಎರಡನೇ ಹದಿನಾರನೇ ಭಾಗದ ಏಟು ಸುಮಾರು 40 ಮಿಲಿಸೆಕೆಂಡ್ ತಡವಾಗಿ ಬೀಳುತ್ತೆ. ತಲೆ ತಾನೇ ತೂಗೋದು ಆ ನಲವತ್ತರಿಂದ. ಡೆಟ್ರಾಯಿಟ್‌ನ ಜೆ ಡಿಲ್ಲಾ ಇನ್ನೂ ಮುಂದೆ ಹೋಗಿ ಏಟುಗಳನ್ನ ಯಂತ್ರವೇ ನೆಟ್ಟಗೆ ಕೂರಿಸುವ ಕ್ವಾಂಟೈಸನ್ನೇ ತೆಗೆದುಹಾಕಿ ಕೈಯಲ್ಲೇ ಬಡಿದ. ಮೊದಲ ಸಲ ಕೇಳಿದವರಿಗೆ ತಪ್ಪು ಬಾರಿಸಿದ ಹಾಗಿರುತ್ತೆ.

ಇನ್ನು ಕೋರ್ಟು. 1991ರ ಡಿಸೆಂಬರಿನಲ್ಲಿ ಗ್ರ್ಯಾಂಡ್ ಅಪ್‌ರೈಟ್ ಮತ್ತು ವಾರ್ನರ್ ಬ್ರದರ್ಸ್ ಮೊಕದ್ದಮೆ ತೀರ್ಪಾಯ್ತು. ವಾರ್ನರ್ ಕಡೆಯ ರ‍್ಯಾಪರ್ ಬಿಜ್ ಮಾರ್ಕಿ ಅನುಮತಿ ಇಲ್ಲದೆ ಗಿಲ್ಬರ್ಟ್ ಓ'ಸಲಿವನ್ ಹಾಡಿನ ತುಣುಕು ಬಳಸಿದ್ದ, ಸೋತ. ಅಲ್ಲಿಂದ ಪ್ರತಿ ಸ್ಯಾಂಪಲ್ಲಿಗೂ ಮೊದಲೇ ಅನುಮತಿ, ಮೊದಲೇ ದುಡ್ಡು. ಒಂದೊಂದು ಊರೂ ಒಂದೊಂದು ದಾರಿ ಹಿಡಿಯಿತು. ನ್ಯೂಯಾರ್ಕಿನಲ್ಲಿ ಡಿಜೆ ಪ್ರೀಮಿಯರ್ ಥರದವರು ತುಣುಕನ್ನ ಗುರುತು ಸಿಗದಷ್ಟು ಸಣ್ಣಗೆ ಕೊಚ್ಚಿ ಮರುಜೋಡಿಸಿದರು. ಡ್ರೆ ವಾದ್ಯಗಾರರನ್ನ ಕೂರಿಸಿ ಹಳೇ ಫಂಕ್ ತಂಡ ಪಾರ್ಲಿಮೆಂಟ್-ಫಂಕಡೆಲಿಕ್ ಧಾಟಿಗಳನ್ನ ಹೊಸದಾಗಿ ನುಡಿಸಿದ. ಹಾಗೆ ಮಾಡಿದರೆ ಹಾಡು ಬರೆದವರಿಗೆ ಕೊಟ್ಟರೆ ಸಾಕು, ಮೂಲ ರೆಕಾರ್ಡಿಂಗಿನ ಮಾಲೀಕರಿಗೆ ಕೊಡಬೇಕಿಲ್ಲ. ದಕ್ಷಿಣದವರಲ್ಲಿ ಬಹಳ ಜನ 808 ಮತ್ತು ಕೀಬೋರ್ಡಿನಲ್ಲೇ ಕೆಲಸ ಮುಗಿಸಿದರು. ಹೀಗೆ "ಪ್ರಾಂತೀಯ ಶೈಲಿ" ಅಂತ ನಾವು ಕರೆಯೋದರಲ್ಲಿ ವಕೀಲರ ಪಾಲೂ ಇದೆ.

ತಲೆಮಾರಿನ ಅಂತರಕ್ಕೂ ಇದೇ ಮೂಲ. ಡಿ ಲಾ ಸೋಲ್‌ನ 1989ರ '3 ಫೀಟ್ ಹೈ ಆ್ಯಂಡ್ ರೈಸಿಂಗ್' ಸ್ಯಾಂಪಲ್ ಹಕ್ಕಿನ ಗೋಜಲಿನಿಂದ ಸ್ಟ್ರೀಮಿಂಗಿಗೆ ಬಂದಿದ್ದು 2023ರ ಮಾರ್ಚ್ 3ಕ್ಕೆ. ಸ್ಟ್ರೀಮಿಂಗ್ ಬಿಟ್ಟು ಬೇರೆ ಗೊತ್ತಿಲ್ಲದ ಒಂದು ಪೀಳಿಗೆಗೆ ಆ ಆಲ್ಬಮ್ ಇರಲೇ ಇಲ್ಲ. "ಈಗಿನವರಿಗೆ ರುಚಿ ಇಲ್ಲ" ಅನ್ನೋ ಮುಂಚೆ ಅವರ ತಟ್ಟೆಗೆ ಏನು ಬಡಿಸಿದ್ದರು ಅಂತ ನೋಡಬೇಕು.

ಹಿರಿಯರ ಪಟ್ಟಿಯೂ ಆಕಾಶದಿಂದ ಇಳಿದದ್ದಲ್ಲ. ಆ ಕಾಲದ ದೊಡ್ಡ ಪತ್ರಿಕೆ 'ದಿ ಸೋರ್ಸ್' 1988ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳಿಂದ ಶುರುವಾಗಿ 1990ರಲ್ಲಿ ನ್ಯೂಯಾರ್ಕಿಗೆ ಹೋಯ್ತು. ಆಲ್ಬಮ್ಮಿಗೆ ಐದು ಮೈಕ್ (ಅದರ ಅತಿ ಹೆಚ್ಚಿನ ಅಂಕ) ಕೊಡುವವರು ಕೂತಿದ್ದ ಊರೇ ಅದು. 1995ರ ಆಗಸ್ಟ್ 3ರಂದು ಅದೇ ಪತ್ರಿಕೆಯ ಪ್ರಶಸ್ತಿ ಸಮಾರಂಭದಲ್ಲಿ ಅಟ್ಲಾಂಟದ ಔಟ್‌ಕ್ಯಾಸ್ಟ್ ಗೆದ್ದಾಗ ನ್ಯೂಯಾರ್ಕಿನ ಸಭೆ ಕೂಗಿ ಗೇಲಿ ಮಾಡಿತು. ದಕ್ಷಿಣಕ್ಕೂ ಹೇಳೋದಿದೆ ಅಂತ ತಂಡದ ಆಂಡ್ರೆ ವೇದಿಕೆಯಲ್ಲೇ ಉತ್ತರ ಕೊಟ್ಟು ಇಳಿದ. 1998ರಲ್ಲಿ ಅವರ 'ಅಕ್ವೆಮಿನಿ'ಗೆ ಅದೇ ಪತ್ರಿಕೆ ಐದು ಮೈಕ್ ಕೊಟ್ಟಿತು.

ಡೆಟ್ರಾಯಿಟ್_ಅಭಿಮಾನಿ

ಇಷ್ಟುದ್ದ ಬರೆದಿರಿ, ಎಮಿನೆಮ್ ಹೆಸರೇ ಇಲ್ಲವಲ್ಲ ಗುರು. ನಮ್ಮಲ್ಲಿ ಅರ್ಧ ಜನ ಹಿಪ್ ಹಾಪ್ ಒಳಗೆ ಬಂದಿದ್ದೇ ಆ ಬಾಗಿಲಿಂದ.

ಲೂಪ್_ಲೆಕ್ಕ

ಕೂಟದ ಗಡಿ 1998. 'ದಿ ಸ್ಲಿಮ್ ಶೇಡಿ ಎಲ್‌ಪಿ' 1999ರದು. ಡೆಟ್ರಾಯಿಟ್ ಬೇಕೇ ಬೇಕು ಅಂದರೆ 1995ರ 'ಲ್ಯಾಬ್‌ಕ್ಯಾಬಿನ್‌ಕ್ಯಾಲಿಫೋರ್ನಿಯಾ'ದಿಂದ 'ರನ್ನಿನ್' ಹಾಕಿ. ಹಾಡಿದವರು ಎಲ್.ಎ.ಯ ಫಾರ್ಸೈಡ್, ಬೀಟ್ ಡೆಟ್ರಾಯಿಟ್‌ನ ಡಿಲ್ಲಾದು. ಊರಿನ ಹಣೆಪಟ್ಟಿ ಹಚ್ಚುವವರಿಗೆ ತೊಂದರೆ ಕೊಡೋ ಹಾಡು, ಅದಕ್ಕೇ ಒಳ್ಳೆಯದು.

ಎ_ಸೈಡ್

ಎಲ್ಲರಿಗೂ ಧನ್ಯವಾದ. ಸಬ್‌ವೂಫರ್ ಸಿಗುತ್ತೆ. ಇನ್ನೆರಡು ಪ್ರಶ್ನೆ. ಮೆಂಫಿಸ್ಸಿನವರ ಮಾತಿನ ವೇಗ ನಮ್ಮ ಹಿರಿಯರ ಕಿವಿಗೆ ಹಿಡಿಯೋದೇ ಇಲ್ಲ, ಅದನ್ನ ಹೇಗೆ ಬಿಡಿಸಿ ಹೇಳೋದು? ಮತ್ತೆ ಡಿಜೆ ಸ್ಕ್ರೂ ಟೇಪು "ಬ್ಯಾಟರಿ ಮುಗಿದ ಟೇಪ್‌ರೆಕಾರ್ಡರ್" ಅಂತ ಒಬ್ಬರು ಆಗಲೇ ಹೇಳಿಬಿಟ್ಟಿದ್ದಾರೆ.

ಹೈಹ್ಯಾಟ್_ಹುಡುಗಿ

ಮೊದಲನೇದಕ್ಕೆ ನಾನು ಹೇಳ್ತೀನಿ ಸರ್. ನಿಮ್ಮ ಕೂಟದಲ್ಲಿ ಸ್ವಲ್ಪ ಕರ್ನಾಟಕ ಸಂಗೀತದ ಲಯ ಗೊತ್ತಿರೋರು ಒಬ್ಬರಿದ್ದರೂ ಐದು ನಿಮಿಷದ ಕೆಲಸ.

ನ್ಯೂಯಾರ್ಕಿನ ತೊಂಬತ್ತರ ದಶಕದ ಸಾಲು ಹೆಚ್ಚಾಗಿ ಚತುರಶ್ರ. ಒಂದು ಬೀಟಿಗೆ ನಾಲ್ಕು ಜಾಗ: ತಕದಿಮಿ. ನಾಲ್ಕು ಬೀಟಿನ ಒಂದು ಬಾರ್‌ಗೆ 16 ಜಾಗ. ಹದಿನಾರು ಬಾರಿನ ಒಂದು ವರ್ಸ್ (ಚರಣ) ಅಂದರೆ 64 ಬೀಟು, 90ರ ವೇಗದಲ್ಲಿ 43 ಸೆಕೆಂಡಿಗೆ ಒಂಚೂರು ಕಮ್ಮಿ. ರಕೀಮ್ 1987ರಲ್ಲೇ ಮಾಡಿದ ದೊಡ್ಡ ಕೆಲಸ ಅಂದರೆ ಪ್ರಾಸವನ್ನ ಸಾಲಿನ ತುದಿಗೆ ಮಾತ್ರ ಕಟ್ಟಿಹಾಕದೆ ಒಳಗೆಲ್ಲ ಹರಡಿದ್ದು, ವಾಕ್ಯವನ್ನ ಬಾರ್ ದಾಟಿಸಿದ್ದು. ಅವನಿಗಿಂತ ಹಿಂದಿನವರದ್ದು ಹೆಚ್ಚಾಗಿ ಅಂತ್ಯಪ್ರಾಸ, ಪ್ರತಿ ಸಾಲೂ ತುದಿಯಲ್ಲಿ ಠಪ್ ಅಂತ ನಿಲ್ಲುತ್ತೆ. ಹಿರಿಯರು "ಸಾಹಿತ್ಯ" ಅನ್ನೋದು ಈ ಹೆಣಿಗೆಯನ್ನ.

ಮೆಂಫಿಸ್ಸಿನಲ್ಲಿ ಲಾರ್ಡ್ ಇನ್‌ಫೇಮಸ್ ಮತ್ತು ತ್ರೀ 6 ಮಾಫಿಯಾದ ಉಳಿದವರು ತಿಶ್ರ ನಡೆಗೆ ಬಂದರು. ಅದೇ ಬೀಟು, ಆದರೆ ತಕಿಟ ತಕಿಟ. ಬೀಟ್ ನಿಧಾನ, ಮಾತು ಮೂರು ಮೂರಾಗಿ ಓಡುತ್ತೆ. ಇದು ಹೊಸಬರ ಕಂಡುಹಿಡಿತ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಯಾಕೆಂದರೆ 2013ರಲ್ಲಿ ಮಿಗೋಸ್ 'ವರ್ಸಾಚಿ' ಬಂದಮೇಲೆ ಅದು ಎಲ್ಲೆಲ್ಲೂ ಹರಡಿತು. ಇಪ್ಪತ್ತು ವರ್ಷ ಮುಂಚೆ ಮೆಂಫಿಸ್ ಕ್ಯಾಸೆಟ್ಟುಗಳಲ್ಲಿತ್ತು. ಹುಡುಗರಿಗೆ ಮೆಂಫಿಸ್ "ಹಳೇದು" ಅನ್ನಿಸದೆ ಇರೋದಕ್ಕೆ ಕಾರಣ ಇದೇ, ಅವರ ಕಿವಿ ತಿಶ್ರದಲ್ಲೇ ಬೆಳೆದಿದೆ.

ಮಾಡಬೇಕಾದ್ದು: ಮೊದಲು ಬೀಟ್ ಮಾತ್ರ ಹಾಕಿ, ಎಲ್ಲರೂ ಕೈಯಲ್ಲಿ ತಾಳ ಹಿಡಿಯಲಿ. ಎಂಟು ಬೀಟು ತಕದಿಮಿ ಹೇಳಿಸಿ, ಎಂಟು ಬೀಟು ತಕಿಟ. ತಾಳ ಓಡಬಾರದು, ಎಲ್ಲರೂ ತಪ್ಪೋದು ಅಲ್ಲೇ, ತಕಿಟಕ್ಕೆ ಬಂದ ಕೂಡಲೇ ಕೈ ನಿಧಾನ ಮಾಡ್ತಾರೆ. ಆಮೇಲೆ ಹಾಡು ಹಾಕಿ. ವೇಗ ಎಣಿಸುವಾಗ ಇನ್ನೊಂದು ಗೊಂದಲ ಬರುತ್ತೆ. ಅದೇ ಹಾಡನ್ನ ಹಿರಿಯರು ಸ್ನೇರ್ ಹಿಡಿದು 70 ಅಂತಾರೆ, ಹುಡುಗರು ಹೈಹ್ಯಾಟ್ ಹಿಡಿದು 140 ಅಂತಾರೆ. ಇಬ್ಬರೂ ಸರಿ.

ತಗ್ಗುಸ್ವರ ಅವರು ಮುಕ್ಕಾಲು ಪಾಲು ಸ್ಪೀಕರಿನದು ಅಂದಿದ್ದನ್ನ ನಾನು ಒಪ್ಪಲ್ಲ. ಒಳ್ಳೇ ಹೆಡ್‌ಫೋನ್ ಕೊಟ್ಟರೂ ಹುಡುಗರಿಗೆ ನಾಸ್ ತಕ್ಷಣ ಹಿಡಿಸಲ್ಲ. ಅವರು ಧ್ವನಿಯನ್ನ ವಾದ್ಯದ ಹಾಗೆ ಕೇಳ್ತಾರೆ, ಏರಿಳಿತ ಹುಡುಕ್ತಾರೆ. ನಾಸ್ ಒಂದೇ ಶ್ರುತಿಯಲ್ಲಿ ಮಾತಾಡ್ತಾನೆ, ಅಲ್ಲಿ ಚಲನೆ ಇರೋದು ಪ್ರಾಸದಲ್ಲಿ. ಅವರಿಗೆ ಮೊದಲ ಎಂಟು ಸಾಲನ್ನ ಅಚ್ಚು ಹಾಕಿ ಕೈಗೆ ಕೊಡಿ, ಒಂದೇ ಸದ್ದಿನ ಅಕ್ಷರಗಳಿಗೆ ಒಂದು ಬಣ್ಣದಲ್ಲಿ ಗೆರೆ ಎಳೆಯೋಕೆ ಹೇಳಿ. ಪೆನ್ನು ಹಿಡಿದಾಗ ಕಿವಿಯೂ ಹಿಡಿಯುತ್ತೆ. ಅವನು ಆ ಆಲ್ಬಮ್ ತಂದಾಗ ವಯಸ್ಸು ಇಪ್ಪತ್ತು ಅಂತಲೂ ಹೇಳಿ, ಅದು ಸ್ವಲ್ಪ ಕೆಲಸ ಮಾಡುತ್ತೆ.

ಸ್ಲೋಮೋ

ಸ್ಕ್ರೂ ವಿಷಯ ನನಗೆ ಬಿಡಿ.

"ಬ್ಯಾಟರಿ ಮುಗಿದದ್ದು" ಅನ್ನೋರಿಗೆ ಕೇಳಿಸಿರೋದು ಬಹುಶಃ ಯೂಟ್ಯೂಬಿನ "ಸ್ಲೋಡ್ ಪ್ಲಸ್ ರಿವರ್ಬ್" ಸಾಮಾನು. ಅದರಲ್ಲಿ ಕೆಲಸದ ಅರ್ಧ ಮಾತ್ರ ಇದೆ. ಹ್ಯೂಸ್ಟನ್ನಿನ ಡಿಜೆ ಸ್ಕ್ರೂ ಒಂದೇ ರೆಕಾರ್ಡಿನ ಎರಡು ಪ್ರತಿ ಎರಡು ಟರ್ನ್‌ಟೇಬಲ್ ಮೇಲೆ ಇಡ್ತಿದ್ದ, ಒಂದು ಇನ್ನೊಂದಕ್ಕಿಂತ ಒಂದು ಬೀಟ್ ಹಿಂದೆ. ಒಂದರಿಂದ ಇನ್ನೊಂದಕ್ಕೆ ಸದ್ದು ಬದಲಿಸುವ ಕ್ರಾಸ್‌ಫೇಡರನ್ನ ಅತ್ತಿಂದಿತ್ತ ಹೊಡೆದರೆ ಈಗಷ್ಟೇ ಹೋದ ಮಾತು ಮತ್ತೆ ಬರುತ್ತೆ. ಅದು "ಚಾಪ್". ಇಷ್ಟನ್ನ ಟೇಪಿಗೆ ಇಳಿಸಿ, ಆ ಟೇಪಿನ ವೇಗ ತಗ್ಗಿಸೋದು "ಸ್ಕ್ರೂ". ಟರ್ನ್‌ಟೇಬಲ್ಲಿನ ಪಿಚ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರೋದು 8 ಶೇಕಡಾ ಮಾತ್ರ, ಅದರಿಂದ ಆಗದ ಕೆಲಸ ಟೇಪಿನಿಂದ ಆಯ್ತು.

ಕೂಟದಲ್ಲಿ ಮಾಡಿ ತೋರಿಸಬಹುದು. ಆಡಾಸಿಟಿ ಅನ್ನುವ ಸದ್ದು ತಿದ್ದುವ ಸಾಫ್ಟ್‌ವೇರಿನಲ್ಲಿ 90 ಬೀಟಿನ ಒಂದು ಹಾಡು ತೆಗೆಯಿರಿ. ಟ್ರ್ಯಾಕನ್ನ ನಕಲು ಮಾಡಿ, ನಕಲನ್ನ ಒಂದು ಬೀಟು, ಅಂದರೆ 0.667 ಸೆಕೆಂಡ್ ತಡವಾಗಿ ಬರುವ ಹಾಗೆ ಬಲಕ್ಕೆ ಸರಿಸಿ. ಎಲ್ಲೆಲ್ಲಿ ಮಾತು ಮರಳಬೇಕೋ ಅಲ್ಲಿ ಮೇಲಿನ ಟ್ರ್ಯಾಕನ್ನ ಒಂದು ಬೀಟಿನಷ್ಟು ಮೌನ ಮಾಡಿ, ಕೆಳಗಿನದನ್ನ ತೆರೆಯಿರಿ. ಎಲ್ಲ ಕಡೆ ಮಾಡಬೇಡಿ. ನಾಲ್ಕು ಬಾರಿಗೆ ಒಂದೆರಡು ಸಾಕು, ಅದೂ ಸಾಲಿನ ಮುಖ್ಯ ಪದದ ಮೇಲೆ. ಕೊನೆಗೆ ಎರಡನ್ನೂ ಸೇರಿಸಿ ವೇಗ 22 ಶೇಕಡಾ ಇಳಿಸಿ, 70ಕ್ಕೆ ಬರುತ್ತೆ.

ತಪ್ಪೋದು ಇಲ್ಲೇ: "ಚೇಂಜ್ ಟೆಂಪೊ" ಒತ್ತಬಾರದು. ಅದು ಶ್ರುತಿಯನ್ನ ಹಾಗೇ ಉಳಿಸುತ್ತೆ, ಡ್ರಮ್ ತುದಿಗಳು ಹರಿದ ಹಾಗಾಗುತ್ತೆ. ವೇಗ ಮತ್ತು ಶ್ರುತಿ ಎರಡೂ ಒಟ್ಟಿಗೆ ಇಳಿಯುವ "ಚೇಂಜ್ ಸ್ಪೀಡ್ ಆ್ಯಂಡ್ ಪಿಚ್" (ಹಳೇ ಆವೃತ್ತಿಯಲ್ಲಿ "ಚೇಂಜ್ ಸ್ಪೀಡ್") ಬೇಕು. ಆಗ ಧ್ವನಿ ನಾಲ್ಕು ಸ್ವರಸ್ಥಾನಕ್ಕಿಂತ ತುಸು ಹೆಚ್ಚು ಕೆಳಗಿಳಿದು, 60 ಹರ್ಟ್ಸಿನ ಬಾಸ್ 47ಕ್ಕೆ ಬಂದು ಕೂರುತ್ತೆ. ಸ್ಲ್ಯಾಬ್ ಅಂತ ಕರೆಯುವ ಹ್ಯೂಸ್ಟನ್ ಕಾರುಗಳು ನಿಧಾನ ಹೋಗುತ್ತಾ ಡಿಕ್ಕಿ ನಡುಗಿಸೋದು ಇದೇ ಸ್ವರದಲ್ಲಿ. ನಿಮ್ಮ ಸಬ್ಬಿಗೂ ಆಗಲೇ ಕೆಲಸ ಸಿಗೋದು.

ಹುಡುಗರು ಇದಕ್ಕೆ ಬೇಗ ಒಗ್ಗಲು ನಮ್ಮ ಕಡೆಯದೇ ಒಂದು ಕೊಂಡಿ ಇದೆ. 2024ರಲ್ಲಿ 'ಬಿಗ್ ಡಾಗ್ಸ್' ಹಾಡಿದ ಹನುಮಾನ್‌ಕೈಂಡ್ ಕೇರಳದಲ್ಲಿ ಹುಟ್ಟಿ, ಹ್ಯೂಸ್ಟನ್ನಿನಲ್ಲಿ ಬೆಳೆದು, ಬೆಂಗಳೂರಿನ ವೇದಿಕೆಗಳಲ್ಲಿ ಪಳಗಿದವನು. ಅವನ ಮಾತಿನ ಎಳೆತದಲ್ಲಿ ಟೆಕ್ಸಾಸ್ ಚೆನ್ನಾಗಿ ಕೇಳಿಸುತ್ತೆ. ಅದನ್ನ ಹಾಕಿ, ಹಿಂದೆಯೇ ಯುಜಿಕೆಯ 1996ರ 'ರೈಡಿನ್ ಡರ್ಟಿ'ಯಿಂದ ಒಂದು. ಗಡಿ ದಾಟುತ್ತೆ ಅಂತ ಗೊತ್ತು, ಒಂದು ಹಾಡಿಗೆ ಕ್ಷಮಿಸಿ.

ತಗ್ಗುಸ್ವರ

ಹೈಹ್ಯಾಟ್ ಅವರೇ, ಸರಿ, ಮುಕ್ಕಾಲನ್ನ ಅರ್ಧಕ್ಕೆ ಇಳಿಸ್ತೀನಿ.

ಎ_ಸೈಡ್ ಸರ್, ಅನುಕ್ರಮ ಹೀಗಿರಲಿ. ಮೊದಲು ನಾಸ್ ಮತ್ತು ಡ್ರೆ, ತಾಳ ಹಾಕಿಸಿ. ಆಮೇಲೆ ಶೋಬಾಯ್ಸ್, ಅದರ ಬೆನ್ನಿಗೆ ಬೌನ್ಸ್. ಮೂರನೇದು ತಕದಿಮಿ-ತಕಿಟ, ರಕೀಮ್ ಆಗಿ ಮೆಂಫಿಸ್. ಇಲ್ಲಿ ಹತ್ತು ನಿಮಿಷ ಚಹಾ ಕೊಡಿ, ಕಿವಿಗೆ ವಿಶ್ರಾಂತಿ ಬೇಕು, ಬಾಸ್ ಜಾಸ್ತಿ ಆದಮೇಲೆ ಯಾವ ಹಾಡೂ ಸರಿಯಾಗಿ ಕೇಳಲ್ಲ. ಬಂದಮೇಲೆ ಡಿಲ್ಲಾ, ಔಟ್‌ಕ್ಯಾಸ್ಟ್, ಕೊನೆಗೆ ಸ್ಕ್ರೂ. ಸ್ಕ್ರೂ ಮುಂಚೆ ಬಂದರೆ ಅದರ ನಂತರದ್ದೆಲ್ಲ ಅವಸರದಲ್ಲಿ ಓಡಿದ ಹಾಗೆ ಕೇಳುತ್ತೆ. ಒಂದು ಹಾಡಿಗೆ ಐದು ನಿಮಿಷ, ಮಾತಿಗೆ ಐದು ನಿಮಿಷ ಅಂತ ಇಟ್ಟರೆ ಹನ್ನೊಂದು ಹಾಡು ಮೀರಬೇಡಿ.

ಭಾಷೆ ಒರಟು, ಹೆಂಗಸರ ಬಗ್ಗೆ ಕೆಟ್ಟ ಮಾತು ಮೂರೂ ದಿಕ್ಕಿನ ಹಾಡಲ್ಲಿ ಇದೆ, ಮೊದಲೇ ತಿಳಿಸಿಬಿಡಿ. "ಕ್ಲೀನ್" ಆವೃತ್ತಿ ಹಾಕೋ ಯೋಚನೆ ಇದ್ದರೆ ಬೇಡ. ಪದ ಅಳಿಸಿದ ಕಡೆ ಅಕ್ಷರದ ಜೊತೆ ಲಯವೂ ಹೋಗುತ್ತೆ, ತಿಶ್ರದ ಹಾಡಲ್ಲಂತೂ ಮೂರರಲ್ಲಿ ಒಂದು ಹಲ್ಲು ಬಿದ್ದ ಹಾಗಾಗುತ್ತೆ. ಕಿರಿಯರು ಬರುವ ಹಾಗಿದ್ದರೆ ಆ ಭಾಗಕ್ಕೆ ವಾದ್ಯದ ಆವೃತ್ತಿ ಸಾಕು.

ಇನ್ನೊಂದು. ಹಾಲ್ ಮೊದಲನೇ ಮಹಡಿ ಅಂದಿರಿ. ಸಬ್ಬಿನ ಕೆಳಗೆ ಎರಡು ಇಂಚು ದಪ್ಪದ ಗಟ್ಟಿ ಫೋಮ್, ಅದರ ಮೇಲೆ ಒಂದು ಕಡಪ ಕಲ್ಲು ಇಟ್ಟು ಕೂರಿಸಿ. ಅದು ನೆಲದ ನಡುಕ ತಡೆಯುತ್ತೆ, ಗಾಳಿಯಲ್ಲಿ ಹೋಗೋ ಬಾಸ್ ತಡೆಯಲ್ಲ. ಸ್ಕ್ರೂ ಭಾಗವನ್ನ ರಾತ್ರಿ ಒಂಬತ್ತರೊಳಗೆ ಮುಗಿಸೋ ಹಾಗೆ ಕೂಟದ ಸಮಯ ಇಟ್ಟುಕೊಳ್ಳಿ, ಕೆಳಗಡೆ ಯಾರು ಇದ್ದಾರೋ ಅವರಿಗೆ ಮುಂಚಿನ ದಿನವೇ ಹೇಳಿ.